ಕಾಕಾ ಸುಳ್ಳು ಹೇಳುತ್ತಿಲ್ಲ

ವಿಜಯಪುರ

ಚಿ. ಶೈಲಾಳಿಗೆ ಅಪ್ಪನ ಆಶೀರ್ವಾದಗಳು.

ಫೋನಿನಲ್ಲಿ ಕಾಕಾನ ಮೇಲೆ ಸಿಟ್ಟಾದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದವಾಖಾನೆಯಲ್ಲಿ ಮಲಗಿದವನು "ಮುಂಜಾನೆ ಆಲಮಟ್ಟಿಗೆ ಹೋಗಿ ಬಂದೆ" ಅಂದರೆ ಯಾರಿಗಾದರೂ ಸುಳ್ಳು ಅನಿಸುತ್ತದೆ. ಆದರೆ ಅದು ಸುಳ್ಳಲ್ಲವ್ವ. ಹೊಸದು ಯಾವುದೂ ಅವನ ನೆನಪಿನಲ್ಲಿ ನಿಲ್ಲುತ್ತಿಲ್ಲ. ಖಾಲಿ ಬಿದ್ದ ಜಾಗಕ್ಕೆ ಮೆದುಳು ಎಂದೋ ನಡೆದದ್ದನ್ನು ತಂದು ಜೋಡಿಸುತ್ತದೆ. ಅವನ ಪಾಲಿಗೆ ಅದು ಖರೇನೇ. ಕೊರ್ಸಕಾಫ್ ಎಂಬ ರಷ್ಯಾದ ಡಾಕ್ಟರು 1887ರಲ್ಲೇ ಈ ರೋಗದ ಬಗ್ಗೆ ಬರೆದಿದ್ದಾರೆ.

ಇದಕ್ಕೆಲ್ಲ ಮೂಲ ಥಯಾಮಿನ್ ಕೊರತೆ. ಅದೇ ಬಿ1 ವಿಟಮಿನ್. ದಿನಕ್ಕೆ ಬೇಕಾಗುವುದು ಒಂದೆರಡು ಮಿಲಿಗ್ರಾಂ ಅಷ್ಟೇ. ಅದಿಲ್ಲದಿದ್ದರೆ ಮೆದುಳಿಗೆ ಸಕ್ಕರೆಯಿಂದ ಶಕ್ತಿ ಸಿಗುವುದಿಲ್ಲ. ದೇಹದಲ್ಲಿರುವ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿದುಹೋಗುತ್ತದೆ. ನಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕಾಳು ಪಲ್ಯ ಎಲ್ಲದರಲ್ಲೂ ಬಿ1 ಇದೆ. ಚಿಗವ್ವ ದಿನಾ ಬಡಿಸಿ ಕಾಯುತ್ತಿದ್ದಳು. ಅವನು ಕುಡಿದು ಬಂದು ತಟ್ಟೆ ಮುಟ್ಟುತ್ತಿರಲಿಲ್ಲ. ಉಂಡರೂ ಕುಡಿತ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಗೋಡೆ ಹಿಡಿದು ನಡೆಯುತ್ತಿದ್ದ, ಕಣ್ಣುಗುಡ್ಡೆ ಅದುರುತ್ತಿದ್ದವು, ಮಾತು ಗಲಿಬಿಲಿ. ನೋಡಿದವರೆಲ್ಲ ನಶೆ ಅಂದರು. ಇದು ತಡಮಾಡದೆ ಔಷಧ ಕೊಡಬೇಕಾದ ಮೆದುಳಿನ ರೋಗ ಅಂತ ಹೊಳೆಯುವುದೇ ಕಷ್ಟ. ಎಲ್ಲರಿಗೂ ಈ ಮೂರೂ ಲಕ್ಷಣ ಒಟ್ಟಿಗೆ ಬರುವುದೂ ಇಲ್ಲ.

ಇಲ್ಲಿಯ ಡಾಕ್ಟರು ರಿಪೋರ್ಟಿಗೆ ಕಾಯಲಿಲ್ಲ. ನರಕ್ಕೆ ಬಿ1 ಇಂಜೆಕ್ಷನ್ ಶುರು ಮಾಡಿದರು, 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಇಂಥ ಹೊತ್ತಿನಲ್ಲಿ ಗುಳಿಗೆ ಸಾಲದು, ಕರುಳು ಅಷ್ಟನ್ನು ಹೀರುವುದಿಲ್ಲ. ಬಿ1 ಕೊಡದೆ ಬರೀ ಗ್ಲೂಕೋಸ್ ಹಚ್ಚಿದರೆ ಉಳಿದ ಚೂರೂ ಖರ್ಚಾಗಿ ರೋಗ ಜಾಸ್ತಿ ಆಗಬಹುದು. ಕಣ್ಣು ಬೇಗ ಸರಿಯಾದವು. ನಡಿಗೆ ನಿಧಾನಕ್ಕೆ ಸುಧಾರಿಸುತ್ತಿದೆ. ನೆನಪು ಪೂರ್ತಿ ಬರುತ್ತದೆ ಅಂತ ಡಾಕ್ಟರು ಹೇಳಿಲ್ಲ. ನನಗೆ ಸಂಕಟ ಆಗುವುದು ಅದಕ್ಕೇ.

ನೀನು ಬಂದಾಗ "ನಾನ್ಯಾರು ಹೇಳು" ಅಂತ ಪರೀಕ್ಷೆ ಮಾಡಬೇಡ. ಹೆಸರು ನೀನೇ ಹೇಳು, ಇವತ್ತು ಯಾವ ವಾರ ಅಂತಲೂ ಹೇಳು. ವಾದ ಬೇಡ.

ಇನ್ನೊಂದು ಮಾತು. ಇದು ಕುಡಿಯುವವರಿಗೆ ಮಾತ್ರ ಬರುವ ರೋಗ ಅಲ್ಲ. ಬಸಿರಿನಲ್ಲಿ ವಾರಗಟ್ಟಲೆ ವಾಂತಿ ಆದವರಿಗೂ ಬರುತ್ತದೆ. ನಿನ್ನ ನೆಗೆಣ್ಣಿಗೆ ವಾಂತಿ ನಿಲ್ಲುತ್ತಿಲ್ಲ ಅಂದಿದ್ದೆ. ಗ್ಲೂಕೋಸ್ ಹಚ್ಚುವ ಮೊದಲು ಬಿ1 ಕೊಡುತ್ತೀರಾ ಅಂತ ಡಾಕ್ಟರನ್ನು ಇವತ್ತೇ ಕೇಳಿ. ಸಂಕೋಚ ಬೇಡ.

ನಿನ್ನ ಅಪ್ಪ