ಇಂಗ್ಲಿಷ್ ವಾಕ್ಯದಲ್ಲಿ ‘ಹೂ’ (who) ಇದ್ದಮೇಲೆ ‘ಹೀ’ (he) ಯಾಕೆ?

ಮಾನ್ಯರೆ,
‘ನಿನ್ನೆ ಬಂದ ಹುಡುಗ’ ಎನ್ನುವಾಗ ಕನ್ನಡದಲ್ಲಿ ವಿವರ ಮುಂದೆ, ವ್ಯಕ್ತಿ ಹಿಂದೆ. ಇಂಗ್ಲಿಷಿನಲ್ಲಿ ತಿರುವುಮುರುವು: ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’. ಇದನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಎಡವುವುದು ‘ಹೂ ಹೀ ಕೇಮ್’ ಎಂದು ಬರೆದಾಗ. ಕರ್ತೃವಿನ ಜಾಗದಲ್ಲಿ ‘ಹೂ’ ಆಗಲೇ ಕೂತಿರುವಾಗ ‘ಹೀ’ಗೆ ಅಲ್ಲೇನು ಕೆಲಸ? ‘ದ ಗರ್ಲ್ ಹೂ ಐ ಮೆಟ್’ನಲ್ಲಿ ‘ಹೂ’ ಕರ್ಮ, ಬಿಟ್ಟರೂ ನಡೆಯುತ್ತದೆ. ಕರ್ತೃವಾಗಿದ್ದರೆ ಬಿಡುವಂತಿಲ್ಲ.

ಅಲ್ಪವಿರಾಮವನ್ನಂತೂ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ‘ಮೈ ಬ್ರದರ್, ಹೂ ಈಸ್ ಎ ಡಾಕ್ಟರ್, ಕೇಮ್’ ಎಂದರೆ ಇರುವವನು ಒಬ್ಬನೇ ಸಹೋದರ. ಎರಡೂ ಅಲ್ಪವಿರಾಮ ತೆಗೆದರೆ, ಹಲವರಲ್ಲಿ ಡಾಕ್ಟರಾಗಿರುವವನು ಬಂದ ಎಂದಾಗುತ್ತದೆ. ವಾಕ್ಯ ಜೋಡಿಸುವ ಪ್ರಶ್ನೆಗಳಲ್ಲಿ ಇದಕ್ಕೂ ಅರ್ಧ ಅಂಕವಾದರೂ ಮೀಸಲಿಡಬೇಕು.

– ಇಂಗ್ಲಿಷ್ ಶಿಕ್ಷಕರು