ಅಮ್ಮ, ಮೊದಲು ಊಟ ಮಾಡು

ಪ್ರೀತಿಯ ಅಮ್ಮ,

ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ. ನಿನ್ನ ಪತ್ರ ನಿನ್ನೆ ಬಂತು. ಏಳು ತಿಂಗಳ ಬಸುರಿ ಮಗಳು ಸ್ಮಶಾನದ ಎದುರು ಮನೆ ಮಾಡಿದ್ದಾಳೆ ಅಂತ ನೀನು ಸರಿಯಾಗಿ ಊಟವನ್ನೇ ಮಾಡುತ್ತಿಲ್ಲವಂತೆ. ಓದಿ ನನಗೂ ನಿದ್ದೆ ಬರಲಿಲ್ಲ. ಶಾಂತತ್ತೆ ನಿನಗೆ ಹೇಳಿದ್ದು ಅರ್ಧ ಮಾತ್ರ ಅಮ್ಮ.

ನಮ್ಮ ಮನೆ ಎದುರಿನ ಈ ಆರ್ನೋಸ್ ವೇಲ್ ಸ್ಮಶಾನ ನಮ್ಮೂರ ಹೊಳೆದಂಡೆಯ ಸ್ಮಶಾನದ ಹಾಗಲ್ಲ. ಹಿಂದೆ ಇಂಗ್ಲೆಂಡಿನ ಈ ಬ್ರಿಸ್ಟಲ್‌ನಲ್ಲಿ ಚರ್ಚಿನ ಅಂಗಳದಲ್ಲೇ ಹೂಳುತ್ತಿದ್ದರು. ಜಾಗ ಸಾಲದೆ ಹೋಯಿತು, ಕಾಲರಾ ಬೇರೆ ಬಂತು. ಆಗ ಒಂದು ಕಂಪನಿ ಕಟ್ಟಿ, ಊರ ಹೊರಗಿನ ಗುಡ್ಡದಲ್ಲಿ ತೋಟದ ಥರ ಇದನ್ನು ಮಾಡಿದರು. ತೆರೆದದ್ದು 1839ರಲ್ಲಿ. ಪ್ಯಾರಿಸ್‌ನಲ್ಲಿ 1804ರಲ್ಲೇ ಇಂಥದ್ದೊಂದು ಆಗಿತ್ತು, ಅದೇ ಮಾದರಿ. ಬಾಗಿಲಲ್ಲಿ ಗ್ರೀಕರ ಗುಡಿಯ ಹಾಗೆ ಕಂಬದ ಕಾವಲುಮನೆಗಳು. ತಗ್ಗಿನಲ್ಲಿ ಹುಲ್ಲುಹಾಸು, ಎರಡು ಚಾಪೆಲ್, ಅಂದರೆ ಚಿಕ್ಕ ಪ್ರಾರ್ಥನಾಮಂದಿರಗಳು. ಅಲ್ಲಿಂದ ದಾರಿ ಬಳಸಿಕೊಂಡು ಮರಗಳ ನಡುವೆ ಮೇಲೇರುತ್ತದೆ. ಒಟ್ಟು 45 ಎಕರೆ! ನಡುವೆ ಹಾಳುಬಿದ್ದು, ಕಟ್ಟಡ ಎಬ್ಬಿಸುವ ಮಾತೂ ಬಂದಿತ್ತು. ಊರಿನವರೇ ಹೋರಾಡಿದರು. 2003ರಲ್ಲಿ ನಗರಸಭೆ ತನ್ನ ವಶಕ್ಕೆ ತೆಗೆದುಕೊಂಡಿತು. ಈಗ ಕೂಸುಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಾಯಂದಿರು ಬರುತ್ತಾರೆ. ಒಳಗೆ ಕಾಫಿ ಅಂಗಡಿಯೂ ಇದೆ.

ಇನ್ನೊಂದು ಮಾತು, ಅಪ್ಪನಿಗೂ ಓದಿ ಹೇಳು. ಬಾಗಿಲ ಹತ್ತಿರವೇ ನಮ್ಮ ಕಡೆಯ ಕಲ್ಲು ಮಂಟಪದಂಥದ್ದು ಒಂದಿದೆ. ಅದು ರಾಜಾ ರಾಮಮೋಹನ ರಾಯರ ಸಮಾಧಿ. ಸತಿ ಪದ್ಧತಿ ನಿಲ್ಲಬೇಕು ಅಂತ ಹೋರಾಡಿದರಲ್ಲ, ಅವರೇ. 1833ರಲ್ಲಿ ಬ್ರಿಸ್ಟಲ್‌ಗೆ ಬಂದಿದ್ದಾಗ ಜ್ವರ ಬಂದು ತೀರಿಕೊಂಡರು. ಮೊದಲು ಒಂದು ಮನೆಯ ತೋಟದಲ್ಲಿ ಹೂತಿದ್ದರು. 10 ವರ್ಷದ ಮೇಲೆ ಗೆಳೆಯ ದ್ವಾರಕಾನಾಥ ಟಾಗೋರರು, ಕವಿ ರವೀಂದ್ರರ ತಾತ, ಇಲ್ಲಿಗೆ ತರಿಸಿ ಮಂಟಪ ಕಟ್ಟಿಸಿದರು. ಮನೆ ನೆನಪಾಗಿ ಅಳು ಬಂದಾಗ ನಾನು ಅದರ ಹತ್ತಿರ ಹೋಗಿ ನಿಲ್ಲುತ್ತೇನೆ. ಭಯ ಆಗುವುದಿಲ್ಲ ಅಮ್ಮ. ನಮ್ಮವರೊಬ್ಬರು ಇದ್ದಾರೆ ಅನಿಸುತ್ತದೆ.

ನನಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಮಗು ಚೆನ್ನಾಗಿ ಒದೆಯುತ್ತಿದೆ. ಸ್ಕ್ಯಾನ್ ಸರಿಯಾಗಿದೆ, ರಕ್ತ ಸರಿಯಾಗಿದೆ, ಜಾಸ್ತಿ ನಡೆಯಿರಿ ಅಂತ ನರ್ಸೇ ಹೇಳಿದ್ದಾರೆ. ನೀನು ಕಳಿಸಿದ ದಾರ ಕೈಯಲ್ಲೇ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಆ ಕಡೆ ಹೋಗುವುದಿಲ್ಲ, ನಿನ್ನಾಣೆ. ಬಾಣಂತನಕ್ಕೆ ನೀನು ಬರುತ್ತೀಯಲ್ಲ, ಬಂದ ಮೇಲೆ ನೀನೇ ನೋಡು. ಆಗಲೂ ಬೇಡ ಅನಿಸಿದರೆ ಮನೆ ಬದಲಿಸೋಣ.

ಇವರು ಕೆಲಸಕ್ಕೆ ಹೊರಟು ನಿಂತಿದ್ದಾರೆ, ಇದನ್ನು ಟಪಾಲಿಗೆ ಹಾಕಬೇಕು. ಅಪ್ಪನಿಗೆ ನಮಸ್ಕಾರ, ಪುಟ್ಟನಿಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಸುಮಿ