ನಾಯಿ ಹೇಗಿದೆ ಎಂದು ಕೇಳಿದ ಭಟ್ಟನಿಗೆ

ಪ್ರಿಯ ಭಟ್ಟಾ,

ಕಳೆದ ಭಾನುವಾರ ರಾತ್ರಿ ನೀನು ಕಳಿಸಿದ್ದು ಎರಡೇ ಪದ: ‘ನಾಯಿ ಹೇಗಿದೆ?’ ಆ ಎರಡು ಪದಕ್ಕೆ ಉತ್ತರ ಬರೆಯಲು ನನಗೆ ಆರು ದಿನ ಹಿಡಿಯಿತು. ಉತ್ತರವನ್ನು ನಿನ್ನ ಮೊಬೈಲಿಗೆ ಕಳಿಸದೆ ಹೀಗೆ ಊರಿಗೆಲ್ಲ ಕಾಣುವಂತೆ ಏಕೆ ಬರೆಯುತ್ತಿದ್ದೇನೆ ಎಂದು ಕೇಳಬೇಡ ಮಾರಾಯ. ಹಾಸ್ಟೆಲಿನಲ್ಲಿಯೂ ನಾನು ನಿನ್ನ ಕ್ಷಮೆ ಕೇಳಿದ್ದು ಮೆಸ್ಸಿನಲ್ಲಿ, ಅಷ್ಟೂ ಜನರ ಎದುರು, ಸಾರಿನ ಬಕೆಟ್ ಹಿಡಿದುಕೊಂಡು. ಇದೂ ಅದೇ ಬಕೆಟ್ ಎಂದುಕೋ.

ನಾಯಿ ಚೆನ್ನಾಗಿದೆ. ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಓದುತ್ತಿರುವ ಉಳಿದವರಿಗೆ ಚಕ್ಕುಲಿ ಯಾರೆಂದು ಗೊತ್ತಾಗಬೇಕಲ್ಲ. 2021ರ ಎರಡನೆಯ ಲಾಕ್‌ಡೌನಿನಲ್ಲಿ ನಮ್ಮ ಬೀದಿಯಲ್ಲಿ ಕದಲದೆ ನಿಂತಿದ್ದ ಕಾರೊಂದರ ಅಡಿಯಲ್ಲಿ ಸಿಕ್ಕ ಮರಿ ಅವಳು. ಅಪ್ಪಟ ಬೀದಿ ತಳಿ, ಹುರಿದ ರಾಗಿಯ ಬಣ್ಣ, ಬಾಲ ಒಂದೂವರೆ ಸುತ್ತು. ಹೆಸರಿಗೆ ಬೇರೆ ಕಾರಣ ಬೇಕಿರಲಿಲ್ಲ. ನಾನಾಗ ಹಗಲೂ ರಾತ್ರಿ ಮನೆಯಲ್ಲೇ ಇದ್ದೆ. ನನ್ನ ಮೇಜಿನಡಿ, ನನ್ನ ಪಾದದ ಮೇಲೆ ಗದ್ದವಿಟ್ಟುಕೊಂಡೇ ಅವಳು ಬೆಳೆದಳು. ಮನೆಯಿಂದ ನಾನು ಹೊರಗೆ ಹೋಗುವುದೆಂದರೆ ಅವಳ ಹಗ್ಗ ಹಿಡಿದುಕೊಂಡೇ ಹೋಗುವುದು ಎಂಬುದು ಅವಳ ತಿಳಿವಳಿಕೆ. ಹಾಗೆಯೇ ವರ್ಷಗಳು ಕಳೆದವು. ಕಳೆದ ಮೇ ತಿಂಗಳಲ್ಲಿ ಕಚೇರಿಯವರು ವಾರಕ್ಕೆ ಮೂರು ದಿನ ಬರಲೇಬೇಕು ಎಂದರು.

ಮೊದಲ ದಿನ ಸಂಜೆ ಏಳಕ್ಕೆ ಹಿಂತಿರುಗಿದಾಗ ಬಾಗಿಲಿನ ಒಳಮೈಯಲ್ಲಿ ಉಗುರಿನ ಗೀರುಗಳು, ನೆಲದ ತುಂಬ ಜೊಲ್ಲು, ನನ್ನ ಒಂದು ಚಪ್ಪಲಿಯ ಅವಶೇಷ, ಮೊಬೈಲಿನಲ್ಲಿ ಮನೆ ಮಾಲೀಕರ ಹನ್ನೊಂದು ಕರೆ. ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ಗಾದೆ ಮಾಡಿದವನು ಬಾಡಿಗೆ ಮನೆಯಲ್ಲಿ ಇರಲಿಲ್ಲ. ದೇವಲೋಕ ಹಾಳಾಗದೇ ಇರಬಹುದು, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವನ ಎದೆ ಹೊಡೆದುಕೊಳ್ಳುತ್ತದೆ.

ನನ್ನ ಸ್ವಭಾವ ನಿನಗೆ ಗೊತ್ತು. ಮೊದಲು ಕಾನೂನು ಹುಡುಕಿದೆ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸಿಕ್ಕಿತು. ಬಹುಮತವಿದ್ದರೂ ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬೊಗಳುವುದು ನಾಯಿಯ ಸಹಜ ಧರ್ಮ ಎಂದೆಲ್ಲ ಅದರಲ್ಲಿದೆ. ಅದರ ಬೆನ್ನಿಗೇ, ಬೊಗಳಿ ನೆರೆಯವರಿಗೆ ತೊಂದರೆ ಆಗದಂತೆ, ಅದರಲ್ಲೂ ರಾತ್ರಿ ಹೊತ್ತು, ಸಾಕಿದವರು ಪ್ರಯತ್ನಪಡಬೇಕು ಎಂದೂ ಇದೆ. ಆ ಸಾಲನ್ನು ನಾನು ಬೇಗ ಬೇಗ ಓದಿದೆ. ಮುದ್ರಿಸಿಕೊಂಡು ಮಾಲೀಕರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಚಿ ನನಗೇ ಕೊಟ್ಟು, ‘ಎಲ್ಲ ಸರಿ. ನಿಮ್ಮ ಹನ್ನೊಂದು ತಿಂಗಳ ಕರಾರು ಮಾರ್ಚಿಗೆ ಮುಗಿಯುತ್ತದಲ್ಲವೇ?’ ಎಂದರು. ಅಷ್ಟೇ.

ಮೂರನೆಯ ದಿನ ಕೆಳಗಿನ ಮನೆಯ ಅಮ್ಮ ಮೆಟ್ಟಿಲು ಹತ್ತಿ ಬಂದರು. ನಾನು ಮಾರ್ಗಸೂಚಿಯನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲು ತೆರೆದೆ. ಅವರು ಅದನ್ನು ನೋಡಲೇ ಇಲ್ಲ. ‘ಬೊಗಳಿದರೆ ಬೊಗಳಲಿ ಬಿಡಪ್ಪ. ಅದು ಊಳಿಡುತ್ತದೆ. ನಮ್ಮ ಯಜಮಾನರು ಲಕ್ವ ಹೊಡೆದು ಮಲಗಿದಲ್ಲೇ ಇದ್ದಾರೆ. ಮಾತು ಹೋಗಿದೆ, ಕಿವಿ ಹೋಗಿಲ್ಲ’ ಎಂದರು. ನಾಯಿ ಊಳಿಟ್ಟರೆ ಏನರ್ಥ ಎಂದು ನಮ್ಮ ಊರುಗಳಲ್ಲಿ ಮಕ್ಕಳಿಗೂ ಗೊತ್ತು. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ತನ್ನ ತಲೆಯ ನೇರ ಮೇಲೆ ಅದನ್ನು ಕೇಳುತ್ತ ಮಲಗಿದ ಮನುಷ್ಯನಿಗೆ ಯಾವ ಮಂಡಳಿಯ ಮಾರ್ಗಸೂಚಿ ಓದಿ ಹೇಳಲಿ? ಮರುದಿನವೇ ಪಶುವೈದ್ಯೆಯ ಹತ್ತಿರ ಹೋದೆ.

ಆಕೆ ಎಲ್ಲಕ್ಕಿಂತ ಮೊದಲು ಹೇಳಿದ್ದು, ಹಳೆಯ ಮೊಬೈಲ್ ಒಂದನ್ನು ಕಪಾಟಿನ ಮೇಲಿಟ್ಟು, ನೀವಿಲ್ಲದಾಗ ಏನಾಗುತ್ತದೆ ಎಂದು ಚಿತ್ರೀಕರಿಸಿ ತನ್ನಿ ಎಂದು. ತಂದೆ. ಇಬ್ಬರೂ ಕೂತು ನೋಡಿದೆವು. ನಾನು ಹೊರಟ ಮರುನಿಮಿಷವೇ ಬಾಗಿಲ ಸಂದಿಗೆ ಮೂಗು. ನಾಲ್ಕನೆಯ ನಿಮಿಷಕ್ಕೆ ಬೊಗಳಾಟ. ಆಮೇಲೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಇಪ್ಪತ್ತನೆಯ ನಿಮಿಷಕ್ಕೆ ಕತ್ತು ಮೇಲೆತ್ತಿ ಆ ಊಳು. ತಟ್ಟೆಯಲ್ಲಿಟ್ಟ ಕೋಳಿಯನ್ನು ಮೂಸಿಯೂ ನೋಡಿರಲಿಲ್ಲ. ಅಲ್ಲಿಯವರೆಗೆ ನಾನು, ಬಿಟ್ಟು ಹೋದದ್ದಕ್ಕೆ ಹಗೆ ತೀರಿಸಲು ಚಪ್ಪಲಿ ಕಡಿದಿದ್ದಾಳೆ ಎಂದೇ ನಂಬಿದ್ದೆ. ಬೈದೂ ಇದ್ದೆ. ಇದು ಹಟವೂ ಅಲ್ಲ, ಹಗೆಯೂ ಅಲ್ಲ, ಅಪ್ಪಟ ದಿಗಿಲು. ಬಂದ ಮೇಲೆ ಬೈದರೆ ನೀವು ಹೋಗುವುದರ ಜೊತೆಗೆ ಬರುವುದಕ್ಕೂ ಹೆದರಲು ಕಲಿಯುತ್ತಾಳೆ ಎಂದರು ವೈದ್ಯೆ. ಕಚೇರಿಯ ಗೆಳೆಯನೊಬ್ಬ ಹೇಳಿದ್ದ, ಬೊಗಳಿದ ಕೂಡಲೇ ಕುತ್ತಿಗೆಗೆ ವಿದ್ಯುತ್ ತಾಗಿಸುವ ಪಟ್ಟಿಯ ಬಗ್ಗೆಯೂ ಕೇಳಿಬಿಟ್ಟೆ. ‘ಹೆದರಿ ಅಳುವ ಮಗುವಿಗೆ ಬರೆ ಹಾಕುತ್ತೀರಾ?’ ಎಂದರು. ಆ ಗೆಳೆಯ ಇದನ್ನು ಓದುತ್ತಿದ್ದರೆ, ಆ ಪ್ರಶ್ನೆ ಅವನಿಗೂ ಸೇರಿದ್ದು.

ಫ್ಲೂಆಕ್ಸೆಟೀನ್ ಮಾತ್ರೆ ಬರೆದುಕೊಟ್ಟರು. ಮನುಷ್ಯರ ಖಿನ್ನತೆಗೆ ಕೊಡುವ ಮಾತ್ರೆಯೇ. ನಾಯಿಗಳ ಈ ದಿಗಿಲಿಗೆಂದೇ ಅಮೆರಿಕದಲ್ಲಿ ಅದಕ್ಕೆ 2007ರಲ್ಲಿ ಅನುಮತಿ ಸಿಕ್ಕಿದೆಯಂತೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಮಾತ್ರೆಯೊಂದೇ ಸಾಲದು, ಅಭ್ಯಾಸವೂ ಆಗಬೇಕು ಎಂದರು. ಔಷಧದ ಅಂಗಡಿಯವನು ಚೀಟಿ ನೋಡಿ, ಎಲ್ಲರ ನಡುವೆ, ‘ಚಕ್ಕುಲಿ ಅಂದರೆ ಯಾರು?’ ಎಂದು ಕೂಗಿದ. ನಾನು ಕೈ ಎತ್ತಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ನೋಡಿದ ರೀತಿಯಲ್ಲಿ ನಿಜವಾದ ಅನುಕಂಪವಿತ್ತು.

ಇನ್ನು ಅಭ್ಯಾಸದ ಕಥೆ. ನಾನು ಬೀಗದ ಕೈ ಎತ್ತಿಕೊಂಡರೆ ಸಾಕು, ಅವಳಿಗೆ ನಡುಕ ಶುರುವಾಗುತ್ತಿತ್ತು. ಹಾಗಾಗಿ ದಿನಕ್ಕೆ ಇಪ್ಪತ್ತು ಸಲ ಬೀಗದ ಕೈ ಎತ್ತಿಕೊಂಡು ಸುಮ್ಮನೆ ಕುಳಿತುಕೊಳ್ಳಬೇಕು. ಶೂ ಹಾಕಿಕೊಂಡು ಅನ್ನ ಮಾಡಬೇಕು. ಹೆಲ್ಮೆಟ್ ತೊಟ್ಟು ವಾರ್ತೆ ನೋಡಬೇಕು. ಇವು ಯಾವುದಕ್ಕೂ ಅರ್ಥವಿಲ್ಲ ಎಂದು ಅವಳಿಗೆ ಬೇಸರ ಬಂದ ಮೇಲೆ ಬಾಗಿಲ ಹೊರಗೆ ಐದು ಸೆಕೆಂಡು. ಆಮೇಲೆ ಇಪ್ಪತ್ತು. ಮತ್ತೆ ಎಂಟು, ಮತ್ತೆ ನಲವತ್ತು. ಏರುತ್ತಲೇ ಹೋದರೆ ಅವಳಿಗೆ ಲೆಕ್ಕ ತಿಳಿದುಬಿಡುತ್ತದೆ. ದಿಗಿಲು ಹುಟ್ಟುವ ಮೊದಲೇ ಒಳಗೆ ಬರಬೇಕು, ಅದು ಇಡೀ ವಿದ್ಯೆಯ ಗುಟ್ಟು. ಹೆಲ್ಮೆಟ್ ಹಾಕಿಕೊಂಡು, ಮೆಟ್ಟಿಲ ಮೇಲೆ ಕುಳಿತು, ಮೊಬೈಲಿನಲ್ಲಿ ನನ್ನದೇ ಮನೆಯ ಒಳಗನ್ನು ನೋಡುತ್ತಿದ್ದ ನನ್ನನ್ನು ಹದಿನೈದು ದಿನ ಗಮನಿಸಿದ ಕಾವಲುಗಾರ ಕೊನೆಗೆ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ಸರ್, ಮನೆಯಲ್ಲಿ ಏನಾದರೂ ಜಗಳವೇ?’

ಹೊರಡುವಾಗ ಏನೂ ಹೇಳಬಾರದು ಎಂದೂ ವೈದ್ಯೆ ಹೇಳಿದ್ದರು. ಅಲ್ಲಿಯವರೆಗೆ ನಾನು ಚಕ್ಕುಲಿಯ ಕಿವಿ ಹಿಡಿದು ಐದು ನಿಮಿಷ ಭಾಷಣ ಮಾಡಿ ಹೊರಡುತ್ತಿದ್ದೆ: ಬಂದುಬಿಡುತ್ತೇನೆ ಪುಟ್ಟಿ, ಬೇಗ ಬರುತ್ತೇನೆ, ಅಳಬಾರದು. ಆ ಭಾಷಣವೇ ಅವಳಿಗೆ ಅಪಾಯದ ಗಂಟೆಯಾಗಿತ್ತು. ಸುಮ್ಮನೆ ಎದ್ದು ಹೋಗಬೇಕು. ನಿಮ್ಮ ಮನೆಯ ದಣಪೆಯ ಹತ್ತಿರ ನಾನೊಮ್ಮೆ ‘ಹೋಗುತ್ತೇನೆ’ ಎಂದಾಗ ನಿನ್ನ ಅಪ್ಪಯ್ಯ ಟಾರ್ಚನ್ನು ನನ್ನ ಮುಖಕ್ಕೇ ಹಿಡಿದು, ‘ಏ ಅರ್ಧ ಟಿಕೆಟ್ಟು, ಬರುತ್ತೇನೆ ಅನ್ನು’ ಎಂದು ಗದರಿದ್ದರಲ್ಲ, ನೆನಪಿದೆಯೇ? ಹಾಗೆ ಕಲಿತವನು ಹೇಳದೆ ಹೋಗುವುದನ್ನು ಅಭ್ಯಾಸ ಮಾಡಿದೆ. ಅಭ್ಯಾಸ ಬಹಳ ಚೆನ್ನಾಗಿಯೇ ಆಯಿತು.

ಈ ವಿದ್ಯೆಗೆ ಒಂದು ಷರತ್ತಿದೆ. ಅಭ್ಯಾಸ ನಡೆಯುವಷ್ಟು ದಿನ, ಅವಳು ತಾಳುವುದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡುವಂತಿಲ್ಲ. ವೈದ್ಯೆಯ ಚೀಟಿ ತೋರಿಸಿದ್ದಕ್ಕೆ ಕಚೇರಿಯವರು ಮತ್ತೆ ಮನೆಯಿಂದಲೇ ಕೆಲಸ ಮಾಡಲು ಒಪ್ಪಿದರು. ಆಮೇಲೆ ಒಂದೊಂದಾಗಿ ಮದುವೆ, ನಾಮಕರಣ, ಯಾರದೋ ನಿವೃತ್ತಿಯ ಊಟ ಎಲ್ಲವೂ ತಪ್ಪಿದವು. ತಲೆನೋವು ಎಂದರೆ ಜನ ಮಾತ್ರೆ ಹೇಳುತ್ತಾರೆ, ಕೆಲಸ ಎಂದರೆ ಮುನಿಸಿಕೊಳ್ಳುತ್ತಾರೆ. ನಾಯಿ ಹೆದರುತ್ತದೆ ಎಂದರೆ ‘ಅಯ್ಯೋ ಪಾಪ’ ಎಂದು ಅವರೇ ಸಮಾಧಾನ ಹೇಳುತ್ತಾರೆ. ಇಷ್ಟು ಗಟ್ಟಿಯಾದ ನೆಪ ನನಗೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ.

ದೀಪಾವಳಿ ಕಳೆದ ಹದಿನೈದು ದಿನಕ್ಕೆ ಚಕ್ಕುಲಿ ಎರಡು ಗಂಟೆ ಹತ್ತು ನಿಮಿಷ ಒಬ್ಬಳೇ ಇದ್ದಳು. ನಾನು ದರ್ಶಿನಿಯ ಎದುರು ನಿಂತು, ಆರಿದ ಕಾಫಿ ಹಿಡಿದುಕೊಂಡು, ಮೊಬೈಲಿನಲ್ಲಿ ನೋಡುತ್ತಿದ್ದೆ. ನನ್ನ ಪಂಚೆಯ ಮೇಲೆ ಮಗ್ಗುಲು ಬದಲಿಸಿ ಮಲಗಿದಳೇ ಹೊರತು ಬಾಗಿಲಿನ ಕಡೆ ಒಮ್ಮೆಯೂ ತಿರುಗಲಿಲ್ಲ. ಸಂತೋಷವಾಗಬೇಕಿತ್ತು. ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ವೈದ್ಯೆಯನ್ನು ಬಿಟ್ಟರೆ ಈ ಸುದ್ದಿಯನ್ನು ನಾನು ಯಾರಿಗೂ ಹೇಳಲಿಲ್ಲ ಭಟ್ಟಾ. ಕಚೇರಿಗೆ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ಸಂಕ್ರಾಂತಿಯ ಮರುದಿನ ನಿನ್ನ ಫೋನ್ ಬಂತು.

ಅಪ್ಪಯ್ಯನ ಹದಿಮೂರನೆಯ ದಿನಕ್ಕೂ ನಾನು ಬರಲಿಲ್ಲ. ನಿನಗೆ ಉದ್ದದ ಸಂದೇಶ ಕಳಿಸಿದೆ. ಅದನ್ನು ನಿನ್ನೆ ಮತ್ತೆ ಓದಿಕೊಂಡೆ. ತಾಳಗುಪ್ಪ ರೈಲಿನಲ್ಲಿ ನಾಯಿಯನ್ನು ಕರೆತರಬೇಕಾದರೆ ಮೊದಲ ದರ್ಜೆಯ ಕೂಪೆಯನ್ನು ಪೂರ್ತಿ ಕಾಯ್ದಿರಿಸಬೇಕು, ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು, ಇವಳು ಅದರಲ್ಲಿ ಉಳಿಯುವುದಿಲ್ಲ ಎಂದೆಲ್ಲ ಬರೆದಿದ್ದೇನೆ. ತಂದೆಯನ್ನು ಕಳೆದುಕೊಂಡವನಿಗೆ ರೈಲ್ವೆ ನಿಯಮ ಬರೆದು ಕಳಿಸಿದ್ದೇನೆ. ನಿಯಮವೆಲ್ಲ ಸರಿಯಾಗಿಯೇ ಇದೆ, ಒಂದೂ ಸುಳ್ಳಿಲ್ಲ.

ಸುಳ್ಳು ಬೇರೆ ಕಡೆ ಇತ್ತು. ಆ ಹೊತ್ತಿಗೆ ಚಕ್ಕುಲಿ ಮಧ್ಯಾಹ್ನವೆಲ್ಲ ಕೆಳಗಿನ ಮನೆಯಲ್ಲೇ ಇರುತ್ತಿದ್ದಳು, ಯಜಮಾನರ ಮಂಚದ ಪಕ್ಕ. ಅವರ ಆಡುವ ಕೈ ಅವಳ ತಲೆಯ ಮೇಲಿರುತ್ತಿತ್ತು. ಸುದ್ದಿ ತಿಳಿದ ಅಮ್ಮ ತಾವಾಗಿ ಹೇಳಿದರು: ‘ಅವಳನ್ನು ಇಲ್ಲಿ ಬಿಟ್ಟು ಹೋಗಿ ಬಾರಪ್ಪ. ಎರಡು ದಿನ ತಾನೇ.’ ಜೂನ್ ತಿಂಗಳಲ್ಲಿ ‘ಅದು’ ಆಗಿದ್ದವಳು ಯಾವಾಗ ‘ಅವಳು’ ಆದಳೋ ನಾನು ಗಮನಿಸಿರಲಿಲ್ಲ. ‘ಇಲ್ಲ ಅಮ್ಮ, ನಾನಿಲ್ಲದಿದ್ದರೆ ಅವಳು ಇರುವುದಿಲ್ಲ’ ಎಂದೆ. ನಾನು ಹಾಗೆನ್ನುವಾಗ ಅವಳು ಅವರ ಅಡುಗೆಮನೆಯ ಹೊಸ್ತಿಲಲ್ಲಿ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿದ್ದಳು. ಅಮ್ಮ ಅವಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಏನೂ ಅನ್ನಲಿಲ್ಲ.

ನಾನು ಬರೆಯಲು ಕುಳಿತದ್ದು ಇಷ್ಟನ್ನೇ. ಆದರೆ ಇಷ್ಟು ಹೇಳಿ ಕಾರಣ ಹೇಳದಿದ್ದರೆ ಅದೂ ಇನ್ನೊಂದು ರೈಲ್ವೆ ನಿಯಮವಾಗುತ್ತದೆ.

2020ರ ಆಗಸ್ಟ್ ತಿಂಗಳಲ್ಲಿ, ನನಗೆ ಕೆಲಸವಿಲ್ಲದಿದ್ದಾಗ, ಅಪ್ಪಯ್ಯ ನನಗೆ ನಲವತ್ತು ಸಾವಿರ ರೂಪಾಯಿ ಕಳಿಸಿದ್ದರು. ನಾನು ಕೇಳಿರಲಿಲ್ಲ. ನನ್ನ ದನಿಯಲ್ಲೇ ಏನು ಕೇಳಿಸಿತೋ. ‘ಅಡಿಕೆ ಕೊಟ್ಟ ದುಡ್ಡು ಸುಮ್ಮನೆ ಬಿದ್ದಿದೆ. ಅವನಿಗೆ ಹೇಳಬೇಡ, ಇದು ನನ್ನ ನಿನ್ನ ವ್ಯವಹಾರ. ಇದ್ದಾಗ ಕೊಡು’ ಎಂದಿದ್ದರು. ಮರುವರ್ಷವೇ ನನ್ನ ಹತ್ತಿರ ಇತ್ತು. ಕೊಡಲಿಲ್ಲ. ಬಟ್ಟೆ ಒಗೆಯುವ ಯಂತ್ರ ಕೊಂಡೆ. ಮುಂದಿನ ತಿಂಗಳು ಕೊಟ್ಟರಾಯಿತು ಎಂದುಕೊಂಡೇ ವರ್ಷಗಳಾದವು. ಅವರು ಆಗಾಗ ಫೋನ್ ಮಾಡುತ್ತಿದ್ದರು. ಒಂದು ದಿನವೂ ದುಡ್ಡಿನ ಮಾತೆತ್ತಲಿಲ್ಲ. ಊಟವಾಯಿತೇ, ಅಲ್ಲಿ ಮಳೆ ಹೇಗೆ, ನಾಯಿಗೆ ಮೀನು ಹಾಕುತ್ತೀಯೋ ಎಂದು ಕೇಳುತ್ತಿದ್ದರು. ನನಗೆ ಎಲ್ಲದರಲ್ಲೂ ನಲವತ್ತು ಸಾವಿರವೇ ಕೇಳಿಸುತ್ತಿತ್ತು. ಕೊನೆಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟೆ. ಡಿಸೆಂಬರ್ ಕೊನೆಯ ವಾರದ ಅವರ ಎರಡು ಕರೆಗಳು ಮೊಬೈಲಿನಲ್ಲಿ ಇನ್ನೂ ಕೆಂಪಾಗಿಯೇ ಇವೆ. ನಿಮ್ಮ ಜಗಲಿಯಲ್ಲಿ ಅವರ ಚಿತ್ರದ ಎದುರು ಎಲೆ ಹಾಕಿಕೊಂಡು ಕೂರುವುದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ. ನಾಯಿ ಹೆದರುತ್ತದೆ ಎಂದು ಬರೆದೆ.

ಸರಿ. ಇದನ್ನೀಗ ನಮ್ಮ ಬ್ಯಾಚಿನವರೆಲ್ಲ ಓದುತ್ತಾರೆ. ಇನ್ನು ಮುಂದೆ ಈ ರಾಜ್ಯದಲ್ಲಿ ನನಗೆ ಯಾರೂ ಸಾಲ ಕೊಡುವುದಿಲ್ಲ. ಕಚೇರಿಯವರು ಓದಿದರೆ ಸೋಮವಾರದಿಂದ ನನ್ನ ಕುರ್ಚಿಯ ಮೇಲೆ ನಾನಿರಬೇಕಾಗುತ್ತದೆ. ಮಾಲೀಕರು ಓದುವುದಿಲ್ಲ, ಅವರದು ಬರೇ ಕರಾರು ಓದುವ ಅಭ್ಯಾಸ. ಅಂದಹಾಗೆ ಕರಾರು ನವೀಕರಣವಾಯಿತು: ಬಾಡಿಗೆ ಎರಡು ಸಾವಿರ ಹೆಚ್ಚು, ಜೊತೆಗೆ ‘ಬಾಡಿಗೆದಾರರು ಮತ್ತು ಒಂದು ನಾಯಿ’ ಎಂದು ಛಾಪಾ ಕಾಗದದ ಮೇಲೆ ಬರೆಸಿದ್ದಾರೆ. ಚಕ್ಕುಲಿಗೆ ಈಗ ನನಗಿಂತ ಗಟ್ಟಿಯಾದ ದಾಖಲೆಯಿದೆ.

ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ, ಪೂರ್ತಿ ಟಿಕೆಟ್. ವೇಟಿಂಗ್ ಲಿಸ್ಟ್ 14. ಸೀಟು ಖಚಿತವಾಗದಿದ್ದರೆ ಬಸ್ಸಿಗೆ ಬರುತ್ತೇನೆ, ಈ ಸಲ ನಾಯಿಯ ನೆಪ ಹೇಳುವುದಿಲ್ಲ. ಕೆಳಗಿನ ಮನೆಯ ಅಮ್ಮ ಎರಡು ದಿನ ಅವಳನ್ನು ನೋಡಿಕೊಳ್ಳಲು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿಯ ಕರಾರು ಹಾಕಿದ್ದಾರೆ. ಈ ವರ್ಷ ನಿಮ್ಮ ಹಳ್ಳದ ದಂಡೆಯ ಮರ ಬಿಟ್ಟಿದೆಯೋ ಇಲ್ಲವೋ ಒಂದು ಮಾತು ತಿಳಿಸು. ಎರಡು ಪದ ಸಾಕು.

ನಿನ್ನ
ಅರ್ಧ ಟಿಕೆಟ್ಟು